ಹಳೆಯ ಕಾಗದದ ಇಟ್ಟಿಗೆ: ಲಾಭವೂ ಎಚ್ಚರಿಕೆಯೂ

ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯದೊಡನೆ ರುಬ್ಬಿ, ಕೊಡದ ಬೆನ್ನಿಗೆ ಮೆತ್ತಿ ಬುಟ್ಟಿ ಮಾಡುತ್ತಿದ್ದ ಅಜ್ಜಿಯರನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಮೆಂತ್ಯದ ಬದಲು ಸಿಮೆಂಟನ್ನು ಬೆರೆಸಿದರೆ ಅದೇ ಮುದ್ದೆ ಇಟ್ಟಿಗೆಯಾಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ, ಅರಿಜೋನಾಗಳಂಥ ಒಣಸೀಮೆಗಳಲ್ಲಿ ಇಂಥ ಇಟ್ಟಿಗೆಗಳಿಂದ ಮನೆಗಳನ್ನೇ ಕಟ್ಟಿಕೊಂಡವರಿದ್ದಾರೆ. ಅಲ್ಲಿ ಇದರ ಹೆಸರು ಪೇಪರ್‌ಕ್ರೀಟ್.

ತಯಾರಿಕೆ ಕಷ್ಟವಲ್ಲ. ವೃತ್ತಪತ್ರಿಕೆಯನ್ನು ಚೂರುಮಾಡಿ ಒಂದೆರಡು ದಿನ ನೆನೆಸಿ, ಎಳೆಗಳು ಬಿಡಿಬಿಡಿಯಾಗುವವರೆಗೆ ಕಡೆಯಬೇಕು. ನುಣುಪಾದ ಬಣ್ಣದ ಕಾಗದ ಸುಲಭವಾಗಿ ಬಿಡಿಸಿಕೊಳ್ಳದು. 1 ಕೆ.ಜಿ. ಒಣ ಕಾಗದಕ್ಕೆ ಸುಮಾರು 20 ಲೀಟರು ನೀರು, ಒಂದೂವರೆ ಕೆ.ಜಿ. ಸಿಮೆಂಟು, 1 ಕೆ.ಜಿ. ಮರಳು ಎಂಬುದು ರೂಢಿಯಲ್ಲಿರುವ ಅಳತೆಗಳಲ್ಲೊಂದು. ತಳವಿಲ್ಲದ ಮರದ ಅಚ್ಚಿಗೆ ಸುರಿದರೆ ನೀರು ಬಸಿದುಹೋಗುತ್ತದೆ. (ಈ ನೀರನ್ನು ಬಚ್ಚಲಿಗೆ ಬಿಟ್ಟರೆ ಸಿಮೆಂಟು ಕೊಳವೆಯಲ್ಲಿಯೇ ಗಟ್ಟಿಯಾಗಿ ಕೆಳಮಹಡಿಯವರೊಡನೆ ಜಗಳ ನಿಶ್ಚಿತ.) ಒಣಗಲು ವಾರಗಳೇ ಬೇಕು, ಇಟ್ಟಿಗೆ ಸ್ವಲ್ಪ ಕುಗ್ಗುವುದೂ ಸಹಜ. ನೀರಿದ್ದ ಸ್ಥಳವನ್ನು ಗಾಳಿ ತುಂಬುವುದರಿಂದ ಅದು ಹಗುರವಾಗಿ, ಬಿಸಿಲಿನ ಝಳವನ್ನು ತಡೆಯುತ್ತದೆ. ಗರಗಸದಿಂದ ಕೊಯ್ಯಲೂಬಹುದು.

ಇನ್ನು ಆರೋಗ್ಯದ ಮಾತು. ಹಸಿ ಸಿಮೆಂಟು ತೀವ್ರ ಕ್ಷಾರ. ಅದು ಚರ್ಮವನ್ನು ಸುಡುತ್ತಿರುವುದು ಕೂಡಲೇ ತಿಳಿಯುವುದಿಲ್ಲ. ಉರಿ ತೋರುವ ಹೊತ್ತಿಗೆ ಗಾಯವಾಗಿರುತ್ತದೆ. ಆದುದರಿಂದ ಬರಿಗೈಯಲ್ಲಿ ಕಲಸಲಾಗದು. ರಬ್ಬರಿನ ಕೈಚೀಲ ಅವಶ್ಯ. ಸಿಮೆಂಟು ಸುರಿಯುವಾಗ ಮೂಗು ಬಾಯಿಗಳಿಗೆ ಧೂಳುತಡೆ ಇರಲಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಶುದ್ಧ ನೀರಿನಿಂದ ಇಪ್ಪತ್ತು ನಿಮಿಷವಾದರೂ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಆದರೆ ನಮಗೆ ಇದಕ್ಕಿಂತ ದೊಡ್ಡ ತೊಡಕು ಮಳೆಗಾಲ. ಈ ಇಟ್ಟಿಗೆ ಒತ್ತುಕಾಗದದಂತೆ ನೀರು ಹೀರುತ್ತದೆ. ಒಣಸೀಮೆಗೆ ಒಪ್ಪಿದ್ದು ಮುಂಬಯಿಯ ಆಷಾಢ ಶ್ರಾವಣಗಳಿಗೆ ಒಪ್ಪೀತೆಂದು ನಂಬುವುದು ತಪ್ಪು. ಒದ್ದೆಯಾದ ಕಾಗದದಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ಕಣಗಳು ಉಬ್ಬಸದವರಿಗೆ, ಮುಖ್ಯವಾಗಿ ಮಕ್ಕಳಿಗೆ, ಕಷ್ಟಕೊಡುತ್ತವೆ. ಆದಕಾರಣ ಹೊರಗೋಡೆಗೂ ಬಚ್ಚಲಿಗೂ ಇದು ಸಲ್ಲದು. ಭಾರ ಹೊರುವ ಗೋಡೆಗಂತೂ ಬೇಡವೇ ಬೇಡ. ಒಲೆಯ ಹಿಂದೆಯೂ ಬೇಡ; ಸಿಮೆಂಟು ಕಡಿಮೆಯಾದರೆ ಜ್ವಾಲೆಯಿಲ್ಲದೆ ಒಳಗೊಳಗೇ ಕನಲುವ ಗುಣ ಇದಕ್ಕಿದೆ. ಒಣಕೋಣೆಯ ಅಡ್ಡಗೋಡೆಗೆ ಮಾತ್ರ ಯೋಗ್ಯವೆಂದು ನನ್ನ ಅಭಿಪ್ರಾಯ.

ಮಾಡಿನ ಹಳೆಯ ಆಸ್ಬೆಸ್ಟಾಸ್ ಹಾಳೆಯನ್ನು ಇದಕ್ಕಾಗಿ ನೀವೇ ಕಿತ್ತು ಒಡೆಯಲು ಹೋಗದಿರಿ. ಅದರ ಎಳೆಗಳು ಶ್ವಾಸಕೋಶದ ಅರ್ಬುದಕ್ಕೆ ಕಾರಣವಾಗುತ್ತವೆ. ಕೊರೆದಾಗ, ಒಡೆದಾಗಲೇ ಅವು ಹೆಚ್ಚಾಗಿ ಗಾಳಿಗೆ ಸೇರುತ್ತವೆ.

ಆಸಕ್ತರು ಮೊದಲು ಎರಡೇ ಇಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾರೆ ಬಳಿದು, ಇನ್ನೊಂದನ್ನು ಹಾಗೆಯೇ ಬಿಟ್ಟು, ಒಂದು ಮಳೆಗಾಲ ಕಿಟಕಿಯ ಬಳಿ ಇರಿಸಿ ನೋಡಬಹುದು. ಗೌರಿಹಬ್ಬದ ಹೊತ್ತಿಗೆ ಎರಡನ್ನೂ ಮೂಸಿದರೆ ಬೂಷ್ಟಿನ ಸಂಗತಿ ತಿಳಿಯುತ್ತದೆ.