ಕಿವಿ ಸೋರಿದರೆ ಸುಮ್ಮನಿರಬೇಡಿ
ನಾಲಿಗೆಯ ರುಚಿಗೂ ಕಿವಿಗೂ ಏನು ಸಂಬಂಧ ಅಂತೀರಾ? ಇದೆ. ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಪಾಲಿನ ರುಚಿ ತಿಳಿಸುವ ನರ, ಕಿವಿತಮಟೆಯ ಒಳಬದಿಯಲ್ಲೇ ದಾರದ ಹಾಗೆ ಹಾದುಹೋಗುತ್ತದೆ. ಅದಕ್ಕೇ ಕಿವಿಯ ಆಪರೇಷನ್ ಆದಮೇಲೆ ಕೆಲವರಿಗೆ ಸಾರು, ಕಾಫಿ ಎಲ್ಲ ತಗಡು ನೆಕ್ಕಿದಂತೆ ಅನ್ನಿಸುತ್ತದೆ. ಪಾಪ, ಅಡಿಗೆ ಮಾಡಿದವರ ತಪ್ಪಲ್ಲ! ಬಹುಮಂದಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ.

ಈ ನರ ಮುಖದ ನರದ ಒಂದು ಕವಲು. ನಗುವುದಕ್ಕೆ, ಕಣ್ಣು ಮುಚ್ಚುವುದಕ್ಕೆ ಬೇಕಾದ ಆ ತಾಯಿನರವೂ ಮಧ್ಯಕಿವಿಯ ಗೋಡೆಯಲ್ಲೇ, ತೆಳು ಮೂಳೆಯ ಕೊಳವೆಯೊಳಗೆ ಸಾಗುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಆ ಮೂಳೆ ಅಲ್ಲಲ್ಲಿ ಇರುವುದಿಲ್ಲ. ಹೀಗಿರುವಾಗ ಮಕ್ಕಳ ಕಿವಿ ಸೋರಿದರೆ "ದೊಡ್ಡವರಾದಮೇಲೆ ತಾನೇ ನಿಲ್ಲುತ್ತೆ ಬಿಡಿ" ಅನ್ನುವುದು ನನಗೆ ಸರಿಕಾಣದು. ಕೆಟ್ಟ ವಾಸನೆಯ ಕೀವು ಬಹಳ ದಿನ ಸೋರುತ್ತಿದ್ದರೆ, ಒಳಗೆ ಸತ್ತ ಚರ್ಮದ ಹೊಟ್ಟು ಗಂಟುಗಟ್ಟಿ ಮೂಳೆಯನ್ನೇ ತಿನ್ನುತ್ತಿರಬಹುದು. ಅದು ನರಕ್ಕೆ ತಗುಲಿತೋ, ಅದೇ ಬದಿಯ ಕಣ್ಣು ಮುಚ್ಚದು, ಬಾಯಿ ಸೊಟ್ಟಗಾಗುತ್ತದೆ. ಆಗ ಗಾಳಿ ಹೊಡೆಯಿತೆಂದು ಎಣ್ಣೆ ತಿಕ್ಕುತ್ತಾ ಕೂರದೆ ಅಂದೇ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋಗಬೇಕು.

ಸೋರುವ ಕಿವಿಗೆ ಬೆಳ್ಳುಳ್ಳಿ ಎಣ್ಣೆಯೂ ಬೇಡ, ಹೇರ್‌ಪಿನ್ನೂ ಬೇಡ. ತಲೆಗೆ ನೀರು ಹಾಕುವಾಗ ಮಾತ್ರ ವ್ಯಾಸಲೀನ್ ಸವರಿದ ಹತ್ತಿ ಇಡಿ.