ಬೆಳ್ಳಿ ಹೋಯಿತು, ನಸರೇನೊ ಉಳಿದ

ಪನಾಮ ದೇಶದ ಕೆರಿಬಿಯನ್ ದಡದಲ್ಲಿರುವ ಪೊರ್ತೊಬೆಲೊಗೆ ಹೆಚ್ಚಿನವರು ಕೋಟೆ ನೋಡಲು ಬರುತ್ತಾರೆ. ನಾನು ಹೋದದ್ದು ಬಟ್ಟೆ ನೋಡಲು. ಊರಿನ ದೊಡ್ಡ ಚರ್ಚಾದ ಸಾನ್ ಫೆಲಿಪೆಯ ಹಿಂದೆ ಸಾನ್ ಹ್ವಾನ್ ದೆ ದಿಯೋಸ್ ಎಂಬ ಸಣ್ಣ ಹಳೆಯ ಚರ್ಚಿದೆ. ಈಗ ಅದು ಮ್ಯೂಸಿಯಂ. ಅಲ್ಲಿ ಇಟ್ಟಿರುವುದೆಲ್ಲ ಒಬ್ಬನೇ ಒಬ್ಬನ ಉಡುಪು, ಅಂದರೆ ಕಪ್ಪು ಕ್ರಿಸ್ತನ ನಿಲುವಂಗಿಗಳು. ನೇರಳೆ ಮಖಮಲ್ಲು, ಕಡುಕೆಂಪು ಮಖಮಲ್ಲು, ಅಂಚಿಗೆಲ್ಲ ಜರಿ, ಎದೆಯ ಮೇಲೆ ಮಣಿ, ಮಿಂಚು, ಕಸೂತಿಯ ಹೂಬಳ್ಳಿ. ಒಂದೊಂದೂ ಯಾರೋ ಒಬ್ಬರ ಹರಕೆ. ಕಾಯಿಲೆಯಿಂದ ಎದ್ದವರು, ಜೈಲಿನಿಂದ ಹೊರಬಂದವರು, ಕಡಲಿನಿಂದ ಜೀವಂತ ಮರಳಿದವರು ಹೊಲಿಸಿ ಕೊಟ್ಟವು. ಪನಾಮದ ವಿಶ್ವವಿಖ್ಯಾತ ಬಾಕ್ಸರ್ ರೊಬೆರ್ತೊ ದುರಾನ್ ಕೊಟ್ಟದ್ದೂ ಇವುಗಳಲ್ಲಿ ಸೇರಿದೆ. ಹೆಸರಿಲ್ಲದ ಬಡವರು ಕೊಟ್ಟವೂ ಅದರ ಪಕ್ಕದಲ್ಲೇ ಇವೆ, ಅದೇ ಮಖಮಲ್ಲಿನಲ್ಲಿ, ಅದೇ ಜರಿಯಲ್ಲಿ. ಹತ್ತಿರ ಹೋಗಿ ನೋಡಿದರೆ ಹೊಲಿಗೆಯಲ್ಲಿ ಕೈ ಗುರುತು ಸಿಗುತ್ತದೆ: ಕೆಲವೆಡೆ ಪಳಗಿದ ದರ್ಜಿಯದು, ಕೆಲವೆಡೆ ಮನೆಯವರೇ ಕೂತು ಹಾಕಿದ ಒರಟು ಟಾಕು.

ಈ ಬಟ್ಟೆ ತೊಡುವವನನ್ನು ಊರಿನವರು ‘ನಸರೇನೊ’ ಅನ್ನುತ್ತಾರೆ. ಆಳೆತ್ತರದ ಮರದ ವಿಗ್ರಹ. ಹೆಗಲ ಮೇಲೆ ಶಿಲುಬೆ, ಮೈ ಕಪ್ಪು, ಕಣ್ಣು ಮೇಲಕ್ಕೆ. ವರ್ಷದಲ್ಲಿ ಎರಡು ಬಾರಿ ಅವನ ಉಡುಪು ಬದಲಾಗುತ್ತದೆ. ಅಕ್ಟೋಬರ್ ಹಬ್ಬಕ್ಕೆ ಕಡುಕೆಂಪು, ಈಸ್ಟರಿಗೆ ಮುಂಚಿನ ಪವಿತ್ರ ವಾರಕ್ಕೆ ನೇರಳೆ.

ವಿಗ್ರಹ ಇಲ್ಲಿಗೆ ಹೇಗೆ ಬಂತು ಎಂದು ಚರ್ಚಿನ ಮುಂದೆ ಮೇಣದಬತ್ತಿ ಮಾರುತ್ತಿದ್ದ ಅಜ್ಜಿಯನ್ನು ಕೇಳಿದೆ. ಜೊತೆಗಿದ್ದ ಊರಿನ ಹುಡುಗ ಅವರ ಸ್ಪ್ಯಾನಿಷನ್ನು ನನಗೆ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದ. ಅಜ್ಜಿ ಒಂದಲ್ಲ, ಮೂರು ಕಥೆ ಹೇಳಿದರು. ಮೂರನ್ನೂ ಅಷ್ಟೇ ನಂಬಿಕೆಯಿಂದ ಹೇಳಿದರು. ಕಾರ್ತಹೇನಾಕ್ಕೆ ಹೊರಟ ಹಡಗೊಂದು ಈ ಬಂದರಿನಿಂದ ಹೊರಬೀಳಲು ನೋಡಿದಾಗಲೆಲ್ಲ ಬಿರುಗಾಳಿ ಎದ್ದು ಹಿಂದಕ್ಕೆ ತಳ್ಳಿತು. ಕೊನೆಗೆ ಭಾರ ಇಳಿಸಲೆಂದು ನಾವಿಕರು ದೊಡ್ಡದೊಂದು ಪೆಟ್ಟಿಗೆಯನ್ನು ನೀರಿಗೆಸೆದರು. ಗಾಳಿ ನಿಂತಿತು. ಪೆಟ್ಟಿಗೆ ಬೆಸ್ತರ ಕೈಗೆ ಸಿಕ್ಕಿತು, ಒಳಗೆ ನಸರೇನೊ ಇದ್ದ. ಇದು ಒಂದು ಕಥೆ. ಇನ್ನೊಂದರಲ್ಲಿ, ಪೆಸಿಫಿಕ್ ಕಡೆಯ ತಬೋಗಾ ದ್ವೀಪದವರು ನಸರೇನೊವನ್ನೂ ಪೊರ್ತೊಬೆಲೊದವರು ಸಂತ ಪೀಟರನನ್ನೂ ಸ್ಪೇನಿನಿಂದ ತರಿಸಿಕೊಂಡರು. ಪೆಟ್ಟಿಗೆಗಳು ಅದಲುಬದಲಾದವು. ತಿರುಗಿ ಕಳಿಸುವ ಒಂದು ಪ್ರಯತ್ನವೂ ಕೈಗೂಡಲಿಲ್ಲ. ಮೂರನೆಯದು 1821ರ ಕಾಲರಾ ಮಾರಿಯ ಕಥೆ. ಸುತ್ತಲ ಊರುಗಳಲ್ಲಿ ಜನ ಸಾಯುತ್ತಿದ್ದಾಗ ಪೊರ್ತೊಬೆಲೊ ನಸರೇನೊನ ಮೊರೆಹೊಕ್ಕು ಉಳಿಯಿತಂತೆ. ಮೊದಲ ಎರಡರಲ್ಲೂ ಒಂದು ಮಾತು ಮಾತ್ರ ಬದಲಾಗುವುದಿಲ್ಲ: ಅವನು ಈ ಊರು ಬಿಟ್ಟು ಹೋಗಲು ಒಪ್ಪಲಿಲ್ಲ.

ಅಕ್ಟೋಬರ್ 21 ಅವನ ದಿನ. ರಾಜಧಾನಿ ಪನಾಮ ಸಿಟಿಯಿಂದ, ಕೊಲೋನ್ ನಗರದಿಂದ ಜನ ನಡೆದೇ ಹೊರಡುತ್ತಾರೆ. ಹೆದ್ದಾರಿಯಿಂದ ಪೊರ್ತೊಬೆಲೊ ರಸ್ತೆ ಕವಲೊಡೆಯುವ ಸಬಾನೀತಾಸ್‌ನಿಂದ ಲೆಕ್ಕ ಹಾಕಿದರೂ 30 ಕಿ.ಮೀ.ಗೂ ಹೆಚ್ಚು. ಮೈಮೇಲೆ ನೇರಳೆ ಅಂಗಿ, ಕೆಲವರ ಹೆಗಲ ಮೇಲೆ ಶಿಲುಬೆ. ಊರು ಹತ್ತಿರವಾಗುತ್ತಿದ್ದಂತೆ ಹಲವರು ನಡೆಯುವುದನ್ನು ಬಿಟ್ಟು ಕೈಕಾಲೂರಿ ತೆವಳತೊಡಗುತ್ತಾರೆ. ಉರುಳುಸೇವೆ ನೋಡಿ ಬೆಳೆದ ಕಣ್ಣಿಗೆ ಇದು ಹೊಸದಲ್ಲ. ಆದರೂ ಕಾದ ಡಾಂಬರಿನ ಮೇಲೆ ಒಬ್ಬ ಯುವಕ ಮೊಣಕಾಲೂರಿ ಬರುತ್ತಿರುವಾಗ ಅವನ ಬೆನ್ನ ಮೇಲೆ ಗೆಳೆಯನೊಬ್ಬ ಉರಿಯುವ ಮೇಣದ ಹನಿ ಬೀಳಿಸುವುದನ್ನು ನೋಡಿದಾಗ ನನ್ನ ಕಾಲು ಅಲ್ಲೇ ನಿಂತವು. ಪಕ್ಕದಲ್ಲಿ ಒಬ್ಬಳು ಹೆಂಗಸು ಅವನ ಮುಂದಿನ ರಸ್ತೆಯ ಕಲ್ಲು ಗುಡಿಸುತ್ತಾ ಬರುತ್ತಿದ್ದಳು. ಅವನು ಏನು ಬೇಡಿಕೊಂಡಿದ್ದ, ಏನು ಪಡೆದಿದ್ದ ಎಂದು ಯಾರೂ ಕೇಳುವುದಿಲ್ಲ. ಕಳ್ಳರಿಗೂ, ಕೊಲೆ ಮಾಡಿದವರಿಗೂ ಇಲ್ಲಿ ಬಾಗಿಲು ತೆರೆದಿದೆ. ಕಳ್ಳರ ದೇವರು ಎಂಬ ಹೆಸರೂ ನಸರೇನೊಗೆ ಇದೆ. ಅದನ್ನು ಊರಿನವರು ನಾಚಿಕೆಯಿಂದ ಹೇಳುವುದಿಲ್ಲ.

ರಾತ್ರಿ ಎಂಟರ ಸುಮಾರಿಗೆ ಮೆರವಣಿಗೆ ಹೊರಡುತ್ತದೆ. ಸುಮಾರು 80 ಗಂಡಸರು ಹೊರುವ ಅಡ್ಡೆ. ಹೂವು, ದೀಪ, ನಡುವೆ ವಿಗ್ರಹ. ಹೊರುವವರ ಹೆಜ್ಜೆಗೆ ಒಂದು ಲಯವಿದೆ: ಮೂರು ಮುಂದಕ್ಕೆ, ಎರಡು ಹಿಂದಕ್ಕೆ. ಹಿತ್ತಾಳೆ ವಾದ್ಯಗಳ ಬ್ಯಾಂಡು ನುಡಿಯುತ್ತಿರುತ್ತದೆ, ಅಡ್ಡೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಹೀಗೆ ಹೋದರೆ ಒಂದು ಬೀದಿ ದಾಟಲು ಎಷ್ಟು ಹೊತ್ತು ಬೇಕೆಂದು ಯೋಚಿಸಿ. ಹೆಗಲು ಬದಲಾಗುತ್ತವೆ, ಬೆವರು ಸುರಿಯುತ್ತದೆ, ಹಿಂದಿನಿಂದ ನೂಕುವವರನ್ನು ಹಿರಿಯನೊಬ್ಬ ಗದರುತ್ತಾನೆ. ಹನ್ನೆರಡಕ್ಕೆ ನಸರೇನೊ ಗುಡಿ ಸೇರಬೇಕು. ಅದಕ್ಕೆ ಮುಂಚೆ ಒಳಗೆ ತರಲು ನೋಡಿದರೆ ವಿಗ್ರಹ ಎತ್ತಲಾರದಷ್ಟು ಭಾರವಾಗುತ್ತದೆ ಎನ್ನುತ್ತಾರೆ. ನಡುರಾತ್ರಿ ಅವನು ಒಳಗೆ ಹೋದ ಮೇಲೆ ಹರಕೆ ತೀರಿಸಿದವರು ತಮ್ಮ ನೇರಳೆ ಅಂಗಿಗಳನ್ನು ಕಳಚಿ ಚರ್ಚಿನಲ್ಲೇ ಬಿಟ್ಟು ಹೋಗುತ್ತಾರೆ. ಅದುವರೆಗೆ ಅತ್ತವರೆಲ್ಲ ಆಮೇಲೆ ಕುಣಿಯುತ್ತಾರೆ.

ಪೋರ್ಟೊರಿಕೊದ ಸಾಲ್ಸಾ ಗಾಯಕ ಇಸ್ಮಾಯೆಲ್ ರಿವೇರಾ ಈ ಗುಂಪಿನಲ್ಲಿ ನಡೆದವರಲ್ಲಿ ಒಬ್ಬ. ಮಾದಕವಸ್ತುವಿನ ಪ್ರಕರಣದಲ್ಲಿ ಜೈಲು ಕಂಡು, ಬದುಕು ದಿಕ್ಕು ತಪ್ಪಿದ್ದಾಗ ನಸರೇನೊನ ಬಳಿ ಬಂದ. ಮತ್ತೆ ಮತ್ತೆ ಬಂದ. 1970ರ ದಶಕದಲ್ಲಿ ಆತ ಹಾಡಿದ ‘ಎಲ್ ನಸರೇನೊ’ ಲ್ಯಾಟಿನ್ ಅಮೆರಿಕದ ಮೂಲೆಮೂಲೆಗೂ ಈ ಊರಿನ ದೇವರನ್ನು ಮುಟ್ಟಿಸಿತು. 1987ರಲ್ಲಿ ತೀರಿಕೊಂಡ ಆತನ ಪ್ರತಿಮೆಯನ್ನು ಊರಿನವರು ನಿಲ್ಲಿಸಿಕೊಂಡಿದ್ದಾರೆ.

ಊರಿನ ಚರಿತ್ರೆಯನ್ನು ಪ್ರವಾಸಿಗರ ಕೈಗೆ ಸಿಗುವ ಮಡಿಕೆ ಹಾಳೆ ಬೇಗ ಹೇಳಿ ಮುಗಿಸುತ್ತದೆ, ನಾನೂ ಹಾಗೆಯೇ ಹೇಳುತ್ತೇನೆ. 1502ರ ನವೆಂಬರಿನಲ್ಲಿ ಕೊಲಂಬಸ್ ತನ್ನ ನಾಲ್ಕನೆಯ ಯಾನದಲ್ಲಿ ಮಳೆಗೆ ಸಿಕ್ಕಿ ಈ ಕೊಲ್ಲಿಯೊಳಕ್ಕೆ ಬಂದ, ಚೆಲುವಾದ ಬಂದರು ಎಂದು ಹೆಸರಿಟ್ಟ. 1596ರ ಜನವರಿಯಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ ರಕ್ತಭೇದಿಯಿಂದ ಸತ್ತು, ಸೀಸದ ಪೆಟ್ಟಿಗೆಯಲ್ಲಿ ಈ ಕೊಲ್ಲಿಯ ಹೊರಗೆ ಸಮುದ್ರದ ಪಾಲಾದ. ಮರುವರ್ಷ, 1597ರಲ್ಲಿ, ಸ್ಪೇನಿನವರು ಪಕ್ಕದ ನೊಂಬ್ರೆ ದೆ ದಿಯೋಸ್ ಬಂದರನ್ನು ಬಿಟ್ಟು ಇಲ್ಲಿ ಊರು ಕಟ್ಟಿದರು. ಕೋಟೆಗಳ ನಕ್ಷೆ ಇಟಲಿ ಮೂಲದ ಎಂಜಿನಿಯರ್ ಬಾತಿಸ್ತಾ ಅಂತೊನೆಲ್ಲಿಯದು.

ಆಮೇಲಿನ ಸುಮಾರು ಒಂದೂವರೆ ಶತಮಾನ ದಕ್ಷಿಣ ಅಮೆರಿಕದ ಬೆಳ್ಳಿ ಇದೇ ಬಾಗಿಲಿನಿಂದ ಹೊರಬಿತ್ತು. ಪೆರುವಿನ ಕಡೆಯಿಂದ ಹಡಗಿನಲ್ಲಿ ಪನಾಮ ಸಿಟಿಗೆ, ಅಲ್ಲಿಂದ ಹೇಸರಗತ್ತೆಗಳ ಬೆನ್ನಮೇಲೆ ಕಾಡುದಾರಿಯಲ್ಲಿ ಪೊರ್ತೊಬೆಲೊಗೆ. ಸ್ಪೇನಿನ ಹಡಗುಪಡೆ ಬಂದಾಗ ಕೆಲವೇ ವಾರಗಳ ಜಾತ್ರೆ. 1637ರಲ್ಲಿ ಅದನ್ನು ಕಂಡ ಇಂಗ್ಲಿಷ್ ಪಾದ್ರಿ ತಾಮಸ್ ಗೇಜ್, ಒಂದೇ ದಿನ ಬೆಳ್ಳಿ ಹೊತ್ತ 200 ಹೇಸರಗತ್ತೆಗಳನ್ನು ಎಣಿಸಿದ್ದಾಗಿ ಬರೆದಿದ್ದಾನೆ. ಗಟ್ಟಿಗಳನ್ನು ಬೀದಿಯಲ್ಲಿ ಕಲ್ಲುರಾಶಿಯ ಹಾಗೆ ಸುರಿದಿದ್ದರಂತೆ. ಜಾತ್ರೆಗೆ ಬಂದ ನೂರಾರು ಜನ ಜ್ವರದಿಂದ ಸತ್ತದ್ದನ್ನೂ ಅವನೇ ಬರೆದಿದ್ದಾನೆ. ಸ್ಪೇನ್ ಮುಟ್ಟಿದ ಅಮೆರಿಕದ ಬೆಳ್ಳಿಯಲ್ಲಿ ಒಂದು ಪಾಲು ರಿಯಾಲ್ ನಾಣ್ಯವಾಗಿ ಪೋರ್ಚುಗೀಸರ ಕೈಸೇರಿ, ಅವರ ಹಡಗುಗಳಲ್ಲಿ ನಮ್ಮ ಕರಾವಳಿಯ ಕಾಳುಮೆಣಸಿಗೆ ಬೆಲೆಯಾಗಿ ಬಂತು. ಹೊನ್ನಾವರ, ಬಸರೂರುಗಳ ಮೆಣಸಿನ ವ್ಯಾಪಾರಕ್ಕೂ ಈ ಕಾಡುದಾರಿಗೂ ಇದ್ದ ನಂಟು ಅದು.

ಬೆಳ್ಳಿ ಇದ್ದಲ್ಲಿ ದರೋಡೆ. 1668ರ ಜುಲೈನಲ್ಲಿ ಕಡಲುಗಳ್ಳ ಹೆನ್ರಿ ಮಾರ್ಗನ್ ಫಿರಂಗಿಗಳು ಕಾಯುತ್ತಿದ್ದ ಸಮುದ್ರದ ಕಡೆಯಿಂದ ಬರದೆ, ರಾತ್ರಿ ದೋಣಿಗಳಲ್ಲಿ ದಡ ಸೇರಿ ನೆಲದ ಕಡೆಯಿಂದ ನುಗ್ಗಿದ. ತಿಂಗಳಷ್ಟು ಕಾಲ ಊರನ್ನು ಹಿಡಿದಿಟ್ಟು 1 ಲಕ್ಷ ಪೆಸೊ ವಸೂಲಿ ಮಾಡಿ ಹೋದ. 1739ರ ನವೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ವರ್ನನ್ ಆರು ಹಡಗುಗಳಿಂದ ಊರನ್ನು ಗೆದ್ದು ಕೋಟೆಗಳನ್ನು ಸಿಡಿಸಿದ. ಬ್ರಿಟನ್ನಿನಲ್ಲಿ ಹಬ್ಬವೇ ಆಯಿತು. ಲಂಡನ್ನಿನ ಹೆಸರಾಂತ ಪೊರ್ಟೊಬೆಲ್ಲೊ ರಸ್ತೆ ಆ ಗೆಲುವಿನ ನೆನಪು. ಆಮೇಲೆ ಸ್ಪೇನಿನ ಹಡಗುಗಳು ಬೇರೆ ದಾರಿ ಹಿಡಿದವು, ಜಾತ್ರೆ ನಿಂತೇ ಹೋಯಿತು. ನಾವು ಇಂದು ನೋಡುವ ಸಾಂತಿಯಾಗೊ, ಸಾನ್ ಹೆರೋನಿಮೊ, ಕೊಲ್ಲಿಯಾಚೆಯ ಸಾನ್ ಫೆರ್ನಾಂದೊ ಕೋಟೆಗಳು ಹೆಚ್ಚಾಗಿ ಆ ಸೋಲಿನ ನಂತರ ಕಟ್ಟಿದವು. ಹವಳದ ಕಲ್ಲಿನ ಗೋಡೆ, ಕಿಂಡಿಕಿಂಡಿಗಳಲ್ಲಿ ತುಕ್ಕು ಹಿಡಿದ ಫಿರಂಗಿ. ಹಳೆಯ ಸಾನ್ ಫೆಲಿಪೆ ಕೋಟೆಯ ಅವಶೇಷ ಮಾತ್ರ ಹುಡುಕಿದರೂ ಸಿಗದು. ಪನಾಮ ಕಾಲುವೆ ಕಟ್ಟುವಾಗ ಗತೂನ್ ದ್ವಾರಗಳ ಕಾಂಕ್ರೀಟಿಗೆ ಬೇಕಾದ ಜಲ್ಲಿಗಾಗಿ ಅಮೆರಿಕದವರು ಇಲ್ಲೇ ಕ್ವಾರಿ ತೆರೆದರು. ಗುಡ್ಡದ ಜೊತೆ ಆ ಕೋಟೆಯೂ ಹೋಯಿತು.

ಈ ಚರಿತ್ರೆಯಲ್ಲಿ ಹೇಸರಗತ್ತೆಗಳ ಎಣಿಕೆ ಸಿಗುತ್ತದೆ. ಅವನ್ನು ಹೊಡೆದುಕೊಂಡು ಬಂದವರ, ಗೋಡೆಗೆ ಹವಳದ ಕಲ್ಲು ಕಡಿದವರ ಹೆಸರು ಸಿಗುವುದಿಲ್ಲ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಅವರು. ಹಲವರು ತಪ್ಪಿಸಿಕೊಂಡು ಕಾಡು ಸೇರಿ ತಮ್ಮದೇ ಊರು ಕಟ್ಟಿಕೊಂಡರು. ಅವರನ್ನು ಸಿಮರೋನರು ಅನ್ನುತ್ತಿದ್ದರು. ಅವರ ದೊರೆ ಬಯಾನೊನನ್ನು ಹಿಡಿಯಲು ಸ್ಪೇನ್ 1550ರ ದಶಕದಲ್ಲಿ ಸೈನ್ಯವನ್ನೇ ಕಳಿಸಬೇಕಾಯಿತು. 1573ರಲ್ಲಿ ಡ್ರೇಕ್ ಬೆಳ್ಳಿಯ ಹೇಸರಗತ್ತೆ ಸಾಲನ್ನು ದೋಚಿದ್ದು ಸಿಮರೋನರು ಜೊತೆಗಿದ್ದುದರಿಂದ. ಪೊರ್ತೊಬೆಲೊದ ಇಂದಿನ ಜನರಲ್ಲಿ ಬಹಳ ಮಂದಿ ಈ ಪರಂಪರೆಯವರು. ಕಪ್ಪು ಮೈಯ ದೇವರನ್ನು ಇವರು ಹೇಗೆ ತಮ್ಮವನಾಗಿ ಮಾಡಿಕೊಂಡರು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇವರ ಇನ್ನೊಂದು ಆಸ್ತಿ ಕೋಂಗೊ ಎಂಬ ಹಾಡು-ಕುಣಿತದ ಆಟ. ಜನವರಿ 20ರಿಂದ, ಕ್ರೈಸ್ತರ ಉಪವಾಸಕಾಲ ಶುರುವಾಗುವ ಬೂದಿ ಬುಧವಾರದವರೆಗೆ ಊರು ಒಂದು ರಾಜ್ಯವಾಗುತ್ತದೆ. ಕೋಲು, ಗರಿಗಳ ಅರಮನೆ, ಕಪ್ಪು-ಬಿಳಿ ಬಾವುಟ. ಆಳುವವಳು ರಾಣಿ, ಜೊತೆಗೆ ಹ್ವಾನ್ ದೆ ದಿಯೋಸೊ ಎಂಬ ರಾಜ, ಸೀಟಿ ಊದುತ್ತಾ ಸುದ್ದಿ ತರುವ ಪಹಾರೀತೊ. ಗಂಡಸರು ಬಟ್ಟೆಯನ್ನು ತಿರುವುಮುರುವಾಗಿ ತೊಡುತ್ತಾರೆ, ಸ್ಪ್ಯಾನಿಷನ್ನು ಯಜಮಾನನಿಗೆ ಅರ್ಥವಾಗದಂತೆ ತಲೆಕೆಳಗು ಮಾಡಿ ಮಾತಾಡುತ್ತಾರೆ. ತುಂಡುಬಟ್ಟೆ ಜೋಡಿಸಿದ ಲಂಗ ತೊಟ್ಟ ಹೆಂಗಸರು ಹಾಡುತ್ತಾರೆ: ಒಬ್ಬಳು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿದುಕೊಳ್ಳುತ್ತಾರೆ, ಬರಿಗಾಲು ನೆಲ ತೊರೆಯದೆ ಜಾರುತ್ತದೆ. ಕೆಂಪು-ಕಪ್ಪು ಮುಖವಾಡದ ಸೈತಾನರು ಚಾಟಿ ಬೀಸುತ್ತಾ ಬರುತ್ತಾರೆ. ಅವರು ಗುಲಾಮರ ಯಜಮಾನರೇ. ಬೂದಿ ಬುಧವಾರದಂದು ಸೈತಾನನನ್ನು ಹಿಡಿದು ದೀಕ್ಷಾಸ್ನಾನ ಮಾಡಿಸುವುದರೊಂದಿಗೆ ಆಟ ಮುಗಿಯುತ್ತದೆ. ಯುನೆಸ್ಕೊ 2018ರಲ್ಲಿ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಛಾಯಾಗ್ರಾಹಕಿ ಸಾಂದ್ರಾ ಎಲೇತಾ, ಕಲಾವಿದ ಅರ್ತೂರೊ ಲಿಂಡ್ಸೆ ಮೊದಲಾದವರು 1990ರ ದಶಕದಲ್ಲಿ ಊರಿನ ಕಲಾವಿದರೊಂದಿಗೆ ಸೇರಿ ಕಟ್ಟಿದ ‘ತಾಯೆರ್ ಪೊರ್ತೊಬೆಲೊ’ ಕಾರ್ಯಾಗಾರದ ಚಿತ್ರಗಳಲ್ಲಿ ಈ ರಾಣಿ, ಈ ಸೈತಾನ ಕನ್ನಡಿ ಚೂರುಗಳ ನಡುವೆ ಹೊಳೆಯುತ್ತಾರೆ.

ಊಟದ ವಿಷಯವನ್ನೂ ಹೇಳಬೇಕು. ಹುರಿದ ಮೀನಿನ ಜೊತೆ ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಅದರೊಳಗೆ ಗುವಾಂದೂ. ಗುವಾಂದೂ ಎಂದರೆ ನಮ್ಮ ತೊಗರಿ. ಭಾರತದಲ್ಲಿ ಬೆಳೆಯಾಗಿ, ಆಫ್ರಿಕಾ ಮುಟ್ಟಿ, ಅಲ್ಲಿಂದ ಗುಲಾಮರ ಹಡಗುಗಳ ದಾರಿಯಲ್ಲಿ ಕೆರಿಬಿಯನ್ ಸೇರಿದ ಕಾಳು. ಸಾವಿರಾರು ಮೈಲಿ ದೂರದ ತಟ್ಟೆಯಲ್ಲಿ ಹಸಿ ತೊಗರಿಯ ಆ ರುಚಿ ಸಿಕ್ಕಾಗ ನನಗೆ ಬಹಳ ಹೊತ್ತು ಮಾತು ಬರಲಿಲ್ಲ.

ಇಷ್ಟೆಲ್ಲ ಇರುವ ಊರು ಬಡವಾಗಿದೆ. ಮರಗೆಲಸದ ಹಳೆಯ ಮನೆಗಳು ತಗಡಿನ ಹೊದಿಕೆಯಲ್ಲಿ ನಿಂತಿವೆ, ಕೋಟೆಯ ಗೋಡೆಗೇ ಒರಗಿ ಕೆಲವು ಮನೆಗಳಿವೆ. ದುಡಿಮೆಗಾಗಿ ಹುಡುಗರು ಕೊಲೋನ್‌ಗೋ ರಾಜಧಾನಿಗೋ ಹೋಗುತ್ತಾರೆ. ಪೊರ್ತೊಬೆಲೊ ಮತ್ತು ಇದೇ ಕರಾವಳಿಯ ಸಾನ್ ಲೊರೆನ್ಸೊ ಕೋಟೆಗಳು 1980ರಿಂದ ವಿಶ್ವ ಪರಂಪರೆಯ ತಾಣ. 2012ರಲ್ಲಿ ಯುನೆಸ್ಕೊ ಅವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಎಡೆಬಿಡದ ಮಳೆ, ಉಪ್ಪುಗಾಳಿ, ನಿರ್ವಹಣೆಯ ಕೊರತೆ, ಒತ್ತಿ ಬರುವ ಕಟ್ಟಡಗಳು ಕಾರಣ. ಕೋಟೆ ಉಳಿಸುವ ಯೋಜನೆಗಳಲ್ಲಿ ಆ ಗೋಡೆಗೆ ಒರಗಿ ಬದುಕುವವರಿಗೂ ಪಾಲಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಲ್ಲಿಗೆ ಹಣ ಬಂದು, ಹಾಡುವವರು ಊರು ಬಿಟ್ಟರೆ ಕಾಪಾಡಿದ್ದೇನು?

ಪನಾಮ ಕಾಲುವೆ ನೋಡಲು ಹೋಗುವ ಕನ್ನಡಿಗರು ಈಗ ಸಾಕಷ್ಟು ಇದ್ದಾರೆ. ದಯವಿಟ್ಟು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ರಾಜಧಾನಿಯಿಂದ ಪೊರ್ತೊಬೆಲೊಗೆ ಸುಮಾರು 100 ಕಿ.ಮೀ. ಸಬಾನೀತಾಸ್‌ನಲ್ಲಿ ಇಳಿದರೆ ಬಣ್ಣ ಬಳಿದ ಹಳೆಯ ಶಾಲಾ ಬಸ್ಸುಗಳು ಕಡಲ ಪಕ್ಕದ ರಸ್ತೆಯಲ್ಲಿ ಕರೆದೊಯ್ಯುತ್ತವೆ. ಅಕ್ಟೋಬರ್ 21ಕ್ಕೆ ಆಗದಿದ್ದರೆ ಕೋಂಗೊ ಕಾಲಕ್ಕೆ ಹೋಗಿ. ಊರಿನವರನ್ನೇ ಜೊತೆಗೆ ಕರೆದುಕೊಳ್ಳಿ, ಊರಿನ ಹೋಟೆಲಿನಲ್ಲೇ ಉಣ್ಣಿ, ಮೊದಲು ನಸರೇನೊನ ಬಟ್ಟೆಗಳನ್ನು ನೋಡಿ, ಆಮೇಲೆ ಕೋಟೆ. ಗೋಡೆಗಳ ಮೇಲೆ ಮಾತ್ರ ಹತ್ತಬೇಡಿ. ಹವಳದ ಕಲ್ಲು ಕೈ ತಾಗಿದರೆ ಉದುರುವ ಸ್ಥಿತಿಯಲ್ಲಿದೆ.