ಮಂಜಿನ ಕೋಟೆಯೂ ಕಿಲೋ ಲೆಕ್ಕವೂ

ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಐದಾರು ಕಿಲೋಮೀಟರ್ ಸಾಗಿದರೆ ದೋಣಿಗಾಲ್ ಬಳಿ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಸಿಗುತ್ತದೆ. ಟಿಪ್ಪು ಸುಲ್ತಾನ್ 1792ರ ವೇಳೆಗೆ ಕಟ್ಟಿಸಿದ ಈ ಕೋಟೆಯ ಆಕಾರ ಬಾಗಿಲಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಮೇಲಿನಿಂದ ತೆಗೆದ ಚಿತ್ರ ನೋಡಬೇಕು. ಎಂಟು ಮೂಲೆಗಳ ನಕ್ಷತ್ರ!

ನಕ್ಷತ್ರವೇ ಏಕೆ? ಅಂದಕ್ಕಲ್ಲ. ದುಂಡು ಬುರುಜಿನ ಎದುರಿಗೆ ಒಳಗಿನವರ ಗುಂಡು ತಾಗದ ಒಂದಿಷ್ಟು ಜಾಗ ಉಳಿದೇ ಉಳಿಯುತ್ತದೆ. ಶತ್ರು ಅಲ್ಲಿ ಅಡಗಿ ಗೋಡೆಗೆ ಮದ್ದು ಇಡಬಹುದು. ಗೋಡೆಯನ್ನು ಚೂಪಾಗಿ ಹೊರಕ್ಕೆ ಚಾಚಿದರೆ ಒಂದು ಮೂಲೆಯಲ್ಲಿ ನಿಂತವರು ಪಕ್ಕದ ಮೂಲೆಯ ಬುಡವನ್ನು ಕಾಯಬಹುದು. ಶುದ್ಧ ರೇಖಾಗಣಿತ. ಇಟಲಿಯಲ್ಲಿ ಹುಟ್ಟಿದ ಈ ವಿಧಾನವನ್ನು ಪಳಗಿಸಿದವನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಎಂಜಿನಿಯರ್ ವೊಬಾನ್ (1633–1707). ಟಿಪ್ಪುವಿನ ಬಳಿ ಫ್ರೆಂಚರು ಇದ್ದರು. ಮಂಜರಾಬಾದಿನಲ್ಲೂ ಅವರ ಕೈಯಿದೆ ಎನ್ನುತ್ತಾರೆ.

ಸುಲ್ತಾನ ಬಂದಾಗ ಬೆಟ್ಟವೆಲ್ಲ ಮಂಜಿನಲ್ಲಿ ಮುಳುಗಿತ್ತು, ಅದರಿಂದ ಈ ಹೆಸರು ಎಂಬುದು ಪ್ರತೀತಿ. ನಿಜವಾದರೆ ಕನ್ನಡದ ಮಂಜು, ಪಾರ್ಸಿಯ ಆಬಾದ್, ಫ್ರೆಂಚ್ ನಕ್ಷೆ ಮೂರೂ ಒಂದೇ ಗುಡ್ಡದಲ್ಲಿ ಕೂಡಿದಂತಾಯಿತು. ಹೆಸರಿನಲ್ಲಿ ಮಾತ್ರ ಫ್ರೆಂಚರಿಲ್ಲ. ಅತ್ತ ಮಂಡ್ಯ ಜಿಲ್ಲೆಯಲ್ಲಿ ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ಬಿಡಾರ ಹೂಡಿದ್ದ ಹಿರೋಡೆ, ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಈಗ ಅದು ಪಾಂಡವಪುರ. ಹೆಸರು ಬಂದಷ್ಟೇ ಸುಲಭವಾಗಿ ಹೋಯಿತು.

ಹೋಗದೆ ಉಳಿದದ್ದು ಬೇರೆಯೇ ಇದೆ. ಕಾಫಿ ಕುಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ಚೀಲ ತೂಗುವಾಗ ಕೇಳುವ ‘ಕಿಲೋ’ ಫ್ರೆಂಚ್ ಕ್ರಾಂತಿಯ ಕೂಸು. ಮೀಟರ್, ಲೀಟರ್, ಗ್ರಾಂಗಳಿಗೆ ಫ್ರಾನ್ಸ್ 1795ರಲ್ಲಿ ಕಾನೂನಿನ ಮುದ್ರೆ ಒತ್ತಿತು. ಸಾವಿರ ಎಂಬರ್ಥದ ಗ್ರೀಕ್ ಪದವನ್ನು ಫ್ರೆಂಚರು ಕಿಲೋ ಮಾಡಿದರು. ನಮ್ಮವರು ಅದನ್ನು ಕೆಜಿ ಎಂದು ಇನ್ನಷ್ಟು ಮೊಟಕು ಮಾಡಿದರು. ಭಾರತದಲ್ಲಿ ಕಾನೂನು ಬಂದದ್ದು 1956ರಲ್ಲಿ, ಜಾರಿ ಶುರುವಾದದ್ದು 1958ರ ಅಕ್ಟೋಬರಿನಲ್ಲಿ.

ಇದರಿಂದ ಅನುಕೂಲವಾಯಿತು, ಅನುಮಾನವಿಲ್ಲ. ಊರಿಗೊಂದು ಸೇರು ಇದ್ದಾಗ ಮೋಸ ಹೋಗುತ್ತಿದ್ದವನು ರೈತನೇ. ಆದರೆ ಅಜ್ಜ ‘ಎರಡು ಖಂಡುಗದ ಗದ್ದೆ’ ಎಂದರೆ ಮೊಮ್ಮಗ ಅದು ಎಷ್ಟು ಎಕರೆ ಎಂದು ಕೇಳುತ್ತಾನೆ. ಉತ್ತರ ಒಂದೇ ಇಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಷ್ಟು ಬಿತ್ತನೆ ಬೀಜ ಹಿಡಿಸುವ ನೆಲವೇ ಖಂಡುಗದ ಗದ್ದೆ. ಮಣ್ಣು ಬದಲಾದರೆ ವಿಸ್ತಾರವೂ ಬದಲಾಗುತ್ತದೆ. ಮೀಟರ್ ನೆಲದ ಅಗಲವನ್ನು ಹೇಳುತ್ತದೆ, ಖಂಡುಗ ನೆಲದ ಗುಣವನ್ನೂ ಹೇಳುತ್ತಿತ್ತು. ಆ ಲೆಕ್ಕ ಬಲ್ಲವರು ಆಲೂರಿನ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ.